ಸೈಕಲ್ ಖರ್ಚನ್ನು ವೃತ್ತಿಯ ಲೆಕ್ಕಕ್ಕೆ ಹಾಕಬಹುದೇ?

ಪ್ರಶ್ನೆ: ಸರ್, ನಾನು ಸಿವಿಲ್ ಇಂಜಿನಿಯರ್. ಮನೆ ಸದಾಶಿವಗಡದಲ್ಲಿ, ಆಫೀಸು ಕಾರವಾರದ ಕಾಜುಬಾಗದಲ್ಲಿ. ಮನೆ ಪ್ಲಾನು, ಎಸ್ಟಿಮೇಟು, ಸೈಟಿನ ಮೇಲ್ವಿಚಾರಣೆ ನನ್ನ ಕೆಲಸ. ವರ್ಷಕ್ಕೆ ಸುಮಾರು 16 ಲಕ್ಷ ರೂ. ಫೀಸು ಬರುತ್ತದೆ. ಆದಾಯ ತೆರಿಗೆ ಕಾಯ್ದೆಯ 44ಎಡಿಎ ಕಲಮಿನ ಅಡಿ ಅದರಲ್ಲಿ ಅರ್ಧವನ್ನು ಆದಾಯವೆಂದು ತೋರಿಸಿ ಹೊಸ ತೆರಿಗೆ ಪದ್ಧತಿಯಲ್ಲಿ ರಿಟರ್ನ್ ಹಾಕುತ್ತೇನೆ. ಜಿಎಸ್‌ಟಿ ನೋಂದಣಿ ಇಲ್ಲ. ಸ್ಕೂಟರ್ ಬಿಟ್ಟು ಸೈಕಲ್ ಮೇಲೆ ಓಡಾಡಬೇಕೆಂದಿದ್ದೇನೆ. 42,000 ರೂ.ಗಳ ಗೇರ್ ಸೈಕಲ್ ನೋಡಿಟ್ಟಿದ್ದೇನೆ, 52,500 ರೂ.ಗಳ ಬ್ಯಾಟರಿ ಸೈಕಲ್ ಮೇಲೂ ಮನಸ್ಸಿದೆ. ಶಿರಸಿಯಲ್ಲಿ ವಿಮಾ ಏಜೆಂಟ್ ಆಗಿರುವ ಗೆಳೆಯನೊಬ್ಬ ‘ಬಿಸಿನೆಸ್ ಖರ್ಚಿಗೆ ಹಾಕು, ತೆರಿಗೆಯಲ್ಲೇ ಅರ್ಧ ವಾಪಸ್ ಬರುತ್ತದೆ, ನಾನು ಹಾಗೇ ಮಾಡಿದ್ದು’ ಎನ್ನುತ್ತಾನೆ. ಇಂಗ್ಲೆಂಡಿನಲ್ಲಿರುವ ತಮ್ಮ, ಅಲ್ಲಿ ಆಫೀಸಿನ ಮೂಲಕ ಕೊಂಡರೆ ತೆರಿಗೆ ರಿಯಾಯಿತಿ ಇದೆ, ನಮ್ಮಲ್ಲೂ ಇರಬೇಕು ನೋಡು ಎನ್ನುತ್ತಾನೆ. ಅಂಗಡಿಯವರು ನಗದು ಕೊಟ್ಟರೆ 1,500 ರೂ. ಬಿಡುತ್ತಾರಂತೆ. ಮಾರ್ಚ್ 31ರ ಒಳಗೆ ಕೊಳ್ಳಬೇಕೇ? ಹೆಂಡತಿಯ ಹೆಸರಲ್ಲಿ ಕೊಂಡು ಬಾಡಿಗೆ ತೋರಿಸಿದರೆ ಲಾಭವೇ? ನನ್ನ ಫೀಸಿನಲ್ಲಿ ಟಿಡಿಎಸ್ ಕಟ್ಟಾಗುತ್ತದೆ. ಸೈಕಲ್ ತೋರಿಸಿದರೆ ರಿಫಂಡ್ ಹೆಚ್ಚು ಬರುತ್ತದೆಯೇ?

ಉತ್ತರ: ನಿಮ್ಮ ಪತ್ರದಲ್ಲಿ ಆರೇಳು ಪ್ರಶ್ನೆಗಳಿವೆ, ಆದರೆ ಅವೆಲ್ಲ ಒಂದೇ ಆತಂಕದ ಮರಿಗಳು. ಸೈಕಲ್ಲಿಗೆ ಸಿಗಬೇಕಾದ ತೆರಿಗೆ ಲಾಭ ನನ್ನ ಅಜ್ಞಾನದಿಂದ ಎಲ್ಲಿ ಕೈತಪ್ಪಿ ಹೋಗುತ್ತದೋ ಅಂತ ನಿಮಗೆ. ಹಾಗಾಗಿ ಮೊದಲೇ ಹೇಳಿಬಿಡುತ್ತೇನೆ: ನಿಮ್ಮ ಲೆಕ್ಕದಲ್ಲಿ ಕೈತಪ್ಪುವಂಥದ್ದು ಏನೂ ಇಲ್ಲ. ನೀವು ಈಗ ಕಟ್ಟುತ್ತಿರುವ ಆದಾಯ ತೆರಿಗೆಯೇ ಸೊನ್ನೆ. ಸೊನ್ನೆಯಿಂದ ಕಳೆಯುವುದಾದರೂ ಏನನ್ನು?

2025-26ರ ಲೆಕ್ಕವನ್ನೇ ನೋಡಿ. 16 ಲಕ್ಷ ಫೀಸಿನಲ್ಲಿ ಅರ್ಧ, ಅಂದರೆ 8 ಲಕ್ಷ ರೂ. ನಿಮ್ಮ ಆದಾಯ. ಹೊಸ ಪದ್ಧತಿಯಲ್ಲಿ ಮೊದಲ 4 ಲಕ್ಷಕ್ಕೆ ತೆರಿಗೆಯಿಲ್ಲ, ಮುಂದಿನ 4 ಲಕ್ಷಕ್ಕೆ ಶೇ. 5ರಂತೆ 20,000 ರೂ. ಆದರೆ ಒಟ್ಟು ಆದಾಯ 12 ಲಕ್ಷ ದಾಟದಿದ್ದರೆ 60,000 ರೂ.ವರೆಗಿನ ತೆರಿಗೆಯನ್ನು ರಿಬೇಟ್ ಎಂಬ ತೆರಿಗೆ ಮನ್ನಾ ನುಂಗಿಹಾಕುತ್ತದೆ. ನಿಮ್ಮ 20,000 ಅಲ್ಲಿಗೆ ಮುಗಿಯಿತು. ಬೇರೆ ಆದಾಯ ಇಲ್ಲದಿದ್ದರೆ, ನಿಮ್ಮ ಫೀಸು 24 ಲಕ್ಷಕ್ಕೆ ಏರುವವರೆಗೂ ಇದೇ ಕಥೆ. (20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಬಂತು, ಅದನ್ನು ಮರೆಯಬೇಡಿ. ಇನ್ನು, ಷೇರು ಮಾರಿದ ಲಾಭದಂಥ ವಿಶೇಷ ದರದ ಆದಾಯಕ್ಕೆ ಈ ರಿಬೇಟ್ ಅನ್ವಯಿಸುವುದಿಲ್ಲ.)

ಟಿಡಿಎಸ್ ವಿಷಯದಲ್ಲಿ ನನ್ನ ಆಫೀಸಿಗೆ ಬರುವ ಹತ್ತರಲ್ಲಿ ಆರು ಜನರಿಗೆ ಇದೇ ಗೊಂದಲ. ಟಿಡಿಎಸ್ ಅಂದರೆ ನಿಮ್ಮ ಹೆಸರಿನಲ್ಲಿ ಬೇರೆಯವರು ಮುಂಗಡವಾಗಿ ಕಟ್ಟಿಟ್ಟ ದುಡ್ಡು. ವರ್ಷದ ತೆರಿಗೆ ಸೊನ್ನೆಯಾದರೆ ಅಷ್ಟೂ ವಾಪಸ್ ಬರುತ್ತದೆ, ಸೈಕಲ್ ಕೊಂಡರೂ ಅಷ್ಟೇ, ಕೊಳ್ಳದಿದ್ದರೂ ಅಷ್ಟೇ. ಕಟ್ಟಾದದ್ದಕ್ಕಿಂತ ಒಂದು ರೂಪಾಯಿ ಹೆಚ್ಚು ಬರುವುದಿಲ್ಲ, ತಡವಾದರೆ ಸಿಗುವ ಬಡ್ಡಿ ಬಿಟ್ಟು.

ಇನ್ನೊಂದು ಮಾತು. 44ಎಡಿಎ ಅಡಿ ಅರ್ಧವನ್ನು ಆದಾಯವೆಂದು ಒಪ್ಪಿಕೊಂಡಾಗ, ಉಳಿದ ಅರ್ಧದಲ್ಲಿ ನಿಮ್ಮ ಎಲ್ಲ ಖರ್ಚೂ ಬಂದುಹೋಯಿತು ಎಂದು ಕಾಯ್ದೆ ಲೆಕ್ಕ ಹಿಡಿಯುತ್ತದೆ. ಆಫೀಸಿನ ಬಾಡಿಗೆ, ಪ್ರಿಂಟರಿನ ಶಾಯಿ, ಸ್ಕೂಟರಿನ ಪೆಟ್ರೋಲ್, ಸವಕಳಿ (ಆಸ್ತಿ ಸವೆದಂತೆ ಅದರ ಬೆಲೆಯಲ್ಲಿ ವರ್ಷವರ್ಷ ಖರ್ಚಿಗೆ ಹಾಕುವ ಪಾಲು), ಎಲ್ಲ. ಅದರ ಮೇಲೆ ಸೈಕಲ್ಲನ್ನು ಬೇರೆಯಾಗಿ ಕಳೆಯಲು ಬರುವುದಿಲ್ಲ. ಊಟದ ತಾಟಿಗೆ ದುಡ್ಡು ಕೊಟ್ಟ ಮೇಲೆ ಸಾರಿಗೆ ಬೇರೆ ಬಿಲ್ಲೇ ಎಂದು ಕೇಳಿದ ಹಾಗೆ ಅದು. ಮಳಿಗೆ, ಗ್ಯಾರೇಜು, ಬೇಕರಿ ಇಟ್ಟುಕೊಂಡು 44ಎಡಿ ಅಡಿ ಶೇ. 6 ಅಥವಾ ಶೇ. 8 ಲಾಭ ತೋರಿಸುವವರಿಗೂ ಇದೇ ಮಾತು ಅನ್ವಯಿಸುತ್ತದೆ. ನಮ್ಮ ಓಣಿಗೆ ಬೆಳಿಗ್ಗೆ ಪೋಂ ಪೋಂ ಎಂದು ಹಾರ್ನ್ ಒತ್ತುತ್ತ ಪಾವ್ ಮಾರಲು ಬರುವವರ ಸೈಕಲ್ಲಿಗಿಂತ ಅಪ್ಪಟ ವ್ಯಾಪಾರದ ವಾಹನ ಇನ್ನೊಂದಿಲ್ಲ. ಆದರೂ ಅದನ್ನು ಲೆಕ್ಕಕ್ಕೆ ಹಿಡಿದು ಅವರಿಗೆ ಆಗಬೇಕಾದ್ದು ಏನೂ ಇಲ್ಲ.

‘ಹಾಗಾದರೆ 44ಎಡಿಎ ಬಿಟ್ಟು ನಿಜವಾದ ಖರ್ಚು ತೋರಿಸಲೇ?’ ಎಂದು ನೀವು ಮುಂದಿನ ಪತ್ರ ಬರೆಯುವ ಮೊದಲೇ ಹೇಳುತ್ತೇನೆ: ಬೇಡ. ಅರ್ಧಕ್ಕಿಂತ ಕಡಿಮೆ ಆದಾಯ ತೋರಿಸಿದಿರೆಂದರೆ, ನಿಮ್ಮ ಮಟ್ಟದ ಆದಾಯಕ್ಕೆ ಲೆಕ್ಕದ ಪುಸ್ತಕ ಬರೆಯಬೇಕು, ಆಡಿಟ್ ಮಾಡಿಸಬೇಕು. 42,000 ರೂ.ಗಳ ಸೈಕಲ್ಲಿಗೆ ಮೊದಲ ವರ್ಷ ಸಿಗುವ ಸವಕಳಿ 6,300. ಆಡಿಟ್ ಫೀಸು ಅದಕ್ಕಿಂತ ಹೆಚ್ಚು. ನನ್ನ ಹೊಟ್ಟೆಪಾಡಿಗೆ ಒಳ್ಳೆಯದೇ, ನಿಮಗಲ್ಲ.

ಈಗ ಶಿರಸಿಯ ಗೆಳೆಯರ ವಿಷಯ. ಅವರು ಸುಳ್ಳು ಹೇಳಿಲ್ಲ, ಸ್ವಲ್ಪ ಉಬ್ಬಿಸಿದ್ದಾರೆ ಅಷ್ಟೆ. ತಮ್ಮ ಲೆಕ್ಕವನ್ನು ನಿಮಗೆ ಹೊದಿಸಿದ್ದಾರೆ. ಕಮಿಷನ್ ಆದಾಯ ಇರುವವರಿಗೆ 44ಎಡಿ ಬಾಗಿಲು ತೆರೆಯುವುದಿಲ್ಲ. ಅವರು ಬಂದದ್ದೆಷ್ಟು, ಖರ್ಚಾದದ್ದೆಷ್ಟು ಎಂದು ಪುಸ್ತಕ ಬರೆದೇ ಲೆಕ್ಕ ಕೊಡಬೇಕು. ಹಾಗೆ ಬರೆಯುವವರ ಪುಸ್ತಕದಲ್ಲಿ ಸೈಕಲ್ಲಿಗೆ ಜಾಗ ಇದೆ. ‘ಹೊಸ ಪದ್ಧತಿಯಲ್ಲಿ ಯಾವ ಕಡಿತವೂ ಇಲ್ಲ’ ಎಂಬ ಮಾತನ್ನು ನೀವು ಕೇಳಿರುತ್ತೀರಿ. ಅದು ಎಲ್‌ಐಸಿ ಕಂತು, ಮಕ್ಕಳ ಶಾಲಾ ಫೀಸಿನಂಥ ಸ್ವಂತದ ಕಡಿತಗಳ ಮಾತು. ವ್ಯಾಪಾರದ ಖರ್ಚು, ಮಾಮೂಲಿ ಸವಕಳಿ ಹೊಸ ಪದ್ಧತಿಯಲ್ಲೂ ಸಿಗುತ್ತವೆ.

ಆದರೆ ಕೊಂಡ ಬೆಲೆಯೆಲ್ಲ ಒಂದೇ ವರ್ಷ ಖರ್ಚಾಗುವುದಿಲ್ಲ. ಸೈಕಲ್ ವರ್ಷಗಟ್ಟಲೆ ಬಾಳುವ ಆಸ್ತಿ. ಕಾಯ್ದೆಯ ‘ಪ್ಲಾಂಟ್’ ಎಂಬ ಪದದೊಳಗೆ ವಾಹನಗಳೂ ಸೇರುತ್ತವೆ, ಅದರ ಸಾಮಾನ್ಯ ಸವಕಳಿ ದರ ಶೇ. 15. 42,000ಕ್ಕೆ ಮೊದಲ ವರ್ಷ 6,300 ಕಳೆದರೆ ಉಳಿಯುವುದು 35,700. ಮರುವರ್ಷ ಅದರ ಶೇ. 15 ಕಳೆದು 30,345. ಹೀಗೆ ಮೇಣದಬತ್ತಿ ಕರಗಿದಂತೆ ಕರಗುತ್ತ ಐದು ವರ್ಷ ಆದರೂ ಪುಸ್ತಕದಲ್ಲಿ ಇನ್ನೂ 18,600 ರೂ. ಉಳಿದಿರುತ್ತದೆ. ನಿಜದ ಸೈಕಲ್ ನಮ್ಮ ಕರಾವಳಿಯ ಗಾಳಿಗೆ ಆ ಹೊತ್ತಿಗೆ ಏನಾಗಿರುತ್ತದೆ ಎಂಬುದು ಬೇರೆ ಮಾತು. 5,000 ರೂ. ಒಳಗಿನ ವಸ್ತುವನ್ನು ಒಂದೇ ಏಟಿಗೆ ಖರ್ಚು ಹಾಕುವ ಸೌಲಭ್ಯ ಒಂದು ಕಾಲದಲ್ಲಿತ್ತು. 1996ರ ಏಪ್ರಿಲ್‌ನಿಂದ ಅದು ಹೋಯಿತು. ಹಳೆಯ ಗುಮಾಸ್ತರ ಬಾಯಲ್ಲಿ ಮಾತ್ರ ಇನ್ನೂ ಜೀವಂತವಿದೆ.

ಈ 6,300 ಕೂಡ ಪೂರ್ತಿ ಸಿಗುವುದು ಸೈಕಲ್ ಪೂರ್ತಿ ಕೆಲಸಕ್ಕೇ ಓಡಿದರೆ. ಮನೆಯಿಂದ ಆಫೀಸಿಗೆ ಹೋಗಿಬರುವುದನ್ನು ತೆರಿಗೆಯವರು ಸ್ವಂತದ ಓಡಾಟ ಎಂದೇ ನೋಡುತ್ತಾರೆ. ನೀವು ಎಲ್ಲಿ ಮನೆ ಮಾಡಿದಿರಿ ಎಂಬುದು ನಿಮ್ಮ ಇಷ್ಟ, ಅದರ ಖರ್ಚು ವೃತ್ತಿಯದ್ದಲ್ಲ ಎಂಬುದು ಅದರ ಹಿಂದಿನ ತರ್ಕ. ಆಫೀಸಿನಿಂದ ಸೈಟಿಗೆ, ಬ್ಯಾಂಕಿಗೆ, ನಗರಸಭೆಗೆ, ಗಿರಾಕಿಯ ಮನೆಗೆ ಹೋದರೆ ಅದು ವೃತ್ತಿಯ ಓಡಾಟ. ಮನೆಯಿಂದ ನೇರ ಮಾಜಾಳಿಯ ಸೈಟಿಗೆ ಹೋಗಿ, ಅಲ್ಲಿಂದ ಆಫೀಸಿಗೆ ಬಂದಿರಿ ಎನ್ನಿ, ಅದರ ಬಗ್ಗೆ ಎರಡೂ ಕಡೆ ವಾದ ಮಾಡಬಹುದು. ವ್ಯವಹಾರದಲ್ಲಿ ಆಗುವುದು ಇಷ್ಟೇ: ವಾಹನದ ಖರ್ಚಿನಲ್ಲಿ ಐದರಲ್ಲಿ ಒಂದು ಪಾಲು ಸ್ವಂತಕ್ಕೆ ಎಂದು ನಾವೇ ಬಿಟ್ಟುಕೊಟ್ಟರೆ ಸಾಮಾನ್ಯವಾಗಿ ಅಲ್ಲಿಗೇ ನಿಲ್ಲುತ್ತದೆ. ಬರೀ ಮನೆ-ಆಫೀಸು ಓಡಾಟಕ್ಕೆ ಕೊಂಡ ಸೈಕಲ್ಲಿಗೆ ಐದರಲ್ಲಿ ನಾಲ್ಕು ಪಾಲು ಕೇಳುವುದು ಮಾತ್ರ ನ್ಯಾಯವಲ್ಲ, ನಾನಂತೂ ಬರೆದುಕೊಡುವುದಿಲ್ಲ.

ಶಿರಸಿಯ ಗೆಳೆಯರು ದಿನಾ ಪೇಟೆಯೊಳಗೆ ಪಾಲಿಸಿದಾರರ ಮನೆಗಳಿಗೆ ಸೈಕಲ್ ತುಳಿಯುವವರು ಎಂದುಕೊಳ್ಳೋಣ. ಐದರಲ್ಲಿ ನಾಲ್ಕು ಪಾಲು ಅಂದರೆ 5,040 ರೂ. ಖರ್ಚಿಗೆ ಹೋಯಿತು. ಅವರ ಆದಾಯ 15 ಲಕ್ಷ ಇದ್ದರೆ ಶೇ. 15ರ ದರ, ಮೇಲೆ ಶೇ. 4 ಸೆಸ್. ಉಳಿತಾಯವಾಗುವ ತೆರಿಗೆ 786 ರೂ. 24 ಲಕ್ಷ ಮೀರಿ ಶೇ. 30 ದರಕ್ಕೆ ಏರಿದವರಾದರೂ 1,572 ರೂ. ‘ಅರ್ಧ ವಾಪಸ್’ ಎಲ್ಲಿ ಬಂತು?

ಒಂದು ಸಣ್ಣ ಓಣಿಯಲ್ಲಿ ಮಾತ್ರ ಅವರ ಮಾತಿಗೆ ಬಲ ಬರುತ್ತದೆ. ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಏಕೆಂದರೆ ಸ್ವಂತ ಕಸುಬಿನವರಲ್ಲಿ ಬಹಳ ಮಂದಿ ಈ ಓಣಿಯಲ್ಲೇ ಇರುತ್ತಾರೆ, ಗೊತ್ತಿರುವುದಿಲ್ಲ. ಆದಾಯ 12 ಲಕ್ಷದವರೆಗೆ ತೆರಿಗೆ ಸೊನ್ನೆ. 12 ಲಕ್ಷದ ಮೇಲೆ ಒಂದು ರೂಪಾಯಿ ಹೆಚ್ಚಾದರೂ ರಿಬೇಟ್ ಪೂರ್ತಿ ಹೋಗಿ ಒಮ್ಮೆಲೇ 60,000 ರೂ. ಬೀಳಬೇಕಿತ್ತು. ಅದು ಅನ್ಯಾಯ ಎಂದು ಮಾರ್ಜಿನಲ್ ರಿಲೀಫ್ ಇಟ್ಟಿದ್ದಾರೆ. 12 ಲಕ್ಷದ ಮೇಲೆ ಎಷ್ಟು ಗಳಿಸಿದಿರೋ ಅದಕ್ಕಿಂತ ಹೆಚ್ಚು ತೆರಿಗೆ ಕೇಳುವುದಿಲ್ಲ ಎಂಬುದು ಅದರ ಅರ್ಥ. ಹಾಗಾಗಿ 12 ಲಕ್ಷದಿಂದ ಸುಮಾರು 12,70,000 ರೂ.ವರೆಗಿನ ಓಣಿಯಲ್ಲಿ, ಹೆಚ್ಚು ಗಳಿಸಿದ ಪ್ರತಿ ರೂಪಾಯಿಯೂ ಪೂರ್ತಿ ತೆರಿಗೆಗೇ ಹೋಗುತ್ತದೆ. ಅದನ್ನೇ ತಿರುಗಿಸಿ ನೋಡಿ. ಆ ಓಣಿಯಲ್ಲಿ ಇರುವವರು ನ್ಯಾಯವಾಗಿ ಒಂದು ರೂಪಾಯಿ ಖರ್ಚು ತೋರಿಸಿದರೆ ಒಂದು ರೂಪಾಯಿ ತೆರಿಗೆಯೇ ಉಳಿಯುತ್ತದೆ. ಗೆಳೆಯರ ಆದಾಯ ಖರ್ಚೆಲ್ಲ ಕಳೆದು 12,40,000 ಇದ್ದರೆ ತೆರಿಗೆ 40,000. ಸೈಕಲ್ಲಿನ 5,040 ಕಳೆದರೆ ತೆರಿಗೆ 34,960. ಸೆಸ್ ಸೇರಿ ಉಳಿದದ್ದು ಸುಮಾರು 5,240 ರೂ. ಒಂದೇ ಸೈಕಲ್, 15 ಲಕ್ಷ ಗಳಿಸುವವರಿಗೆ 786, 12,40,000 ಗಳಿಸುವವರಿಗೆ 5,240, ನಿಮಗೆ ಸೊನ್ನೆ. ಹಾಗಾಗಿ ತೆರಿಗೆಯಲ್ಲಿ ಎಷ್ಟು ಉಳಿಯಿತು ಎಂದು ಯಾರಾದರೂ ಹೇಳಿದರೆ, ಅವರ ಆದಾಯ ಎಷ್ಟು ಎಂದು ಕೇಳದೆ ಆ ಮಾತು ಉಪಯೋಗಕ್ಕೆ ಬರುವುದಿಲ್ಲ. ಕೇಳಿದರೆ ಯಾರೂ ಹೇಳುವುದಿಲ್ಲ, ಅದೊಂದು ತೊಂದರೆ.

ಅವರು ಬ್ಯಾಟರಿ ಸೈಕಲ್ ಕೊಂಡಿದ್ದರೆ ‘ಅರ್ಧ’ ಎಂಬ ಮಾತಿಗೆ ಇನ್ನೂ ಹತ್ತಿರ ಬರುತ್ತಾರೆ. ವಿದ್ಯುತ್ತಿನಿಂದ ಓಡುವ ವಾಹನಗಳಿಗೆ ಸವಕಳಿ ದರ ಶೇ. 40. 52,500ಕ್ಕೆ 21,000, ಅದರಲ್ಲಿ ಐದರಲ್ಲಿ ನಾಲ್ಕು ಪಾಲು 16,800. ಆ ಓಣಿಯಲ್ಲಿ ಇರುವವರಿಗೆ ಮೊದಲ ವರ್ಷವೇ ಸುಮಾರು 17,470 ರೂ. ಉಳಿಯುತ್ತದೆ. 15 ಲಕ್ಷದವರಿಗೆ 2,620. ಇಲ್ಲೊಂದು ಎಚ್ಚರಿಕೆ ಇದೆ. ಆಕ್ಸಿಲರೇಟರ್ ತಿರುವಿದರೆ ತಾನೇ ಓಡುವ ಸೈಕಲ್ ‘ವಿದ್ಯುತ್ ವಾಹನ’ ಎನ್ನಲು ಅಡ್ಡಿಯಿಲ್ಲ. ತುಳಿದಾಗ ಮಾತ್ರ ಮೋಟರ್ ಕೈಜೋಡಿಸುವ ಸೈಕಲ್ ಕೂಡ ಅದರಲ್ಲಿ ಸೇರುತ್ತದೆ ಎಂದೇ ನನ್ನ ಓದು. ಆದರೆ ಅಧಿಕಾರಿಯೊಬ್ಬರು ಇದು ಮೋಟರ್ ಇರುವ ಸೈಕಲ್, ವಿದ್ಯುತ್ ವಾಹನವಲ್ಲ ಎಂದು ವಾದಿಸಿದರೆ ನನಗೆ ಆಶ್ಚರ್ಯವಾಗುವುದಿಲ್ಲ. ವಿದ್ಯುತ್ ವಾಹನದ ಸಾಲದ ಬಡ್ಡಿಗೆ ಕೊಡುತ್ತಿದ್ದ ವಿಶೇಷ ಕಡಿತದ ಬಗ್ಗೆ ಈಗಲೂ ಕೆಲವರು ಕೇಳುತ್ತಾರೆ. ಅದು 2023ರ ಮಾರ್ಚ್ 31ರ ಒಳಗೆ ಮಂಜೂರಾದ ಸಾಲಗಳಿಗೆ ಮಾತ್ರ. ಆ ಬಸ್ ಹೋಗಿ ಆಯಿತು.

ಬ್ಯಾಟರಿ ಸೈಕಲ್ ಕೊಳ್ಳುವವರು ತೆರಿಗೆಗಿಂತ ಮೊದಲು ಇನ್ನೊಂದು ಲೇಬಲ್ ನೋಡಬೇಕು. ಮೋಟರಿನ ಶಕ್ತಿ 250 ವಾಟ್‌ಗಿಂತ ಕಡಿಮೆ, ವೇಗ ಗಂಟೆಗೆ 25 ಕಿ.ಮೀ. ಒಳಗೆ ಇದ್ದರೆ ಅದು ಮೋಟಾರು ವಾಹನವಲ್ಲ. ನಂಬರ್ ಪ್ಲೇಟು, ಲೈಸೆನ್ಸ್ ಏನೂ ಬೇಡ. ‘ಸ್ಪೀಡ್ ಲಾಕ್ ತೆಗೆದುಕೊಡುತ್ತೇವೆ, ನಲವತ್ತು ಹೋಗುತ್ತದೆ’ ಎಂದು ಅಂಗಡಿಯವರು ಪ್ರೀತಿಯಿಂದ ಹೇಳಿದರೆ ಕೈಮುಗಿದು ಬನ್ನಿ. ಲಾಕ್ ತೆಗೆದ ಮರುಕ್ಷಣ ಅದು ನೋಂದಣಿಯಿಲ್ಲದ, ವಿಮೆಯಿಲ್ಲದ ಮೋಟಾರು ವಾಹನ. ಹಳೆಯ ಕಾಳಿ ಸೇತುವೆ 2024ರ ಆಗಸ್ಟ್ 7ರ ನಸುಕಿನಲ್ಲಿ ಕುಸಿದದ್ದು ನಿಮಗೆ ಗೊತ್ತೇ ಇದೆ. ಉಳಿದ ಸೇತುವೆಯ ಮೇಲೆ ಲಾರಿಗಳ ಪಕ್ಕದಲ್ಲಿ ಅಂಥ ವಾಹನ ಓಡಿಸುತ್ತ ಅಪಘಾತವಾದರೆ, ಆಗ ಬರುವ ಖರ್ಚಿಗೆ ಯಾವ ಸವಕಳಿಯೂ ಸಾಲದು.

ಇನ್ನು ಇಂಗ್ಲೆಂಡಿನ ತಮ್ಮನ ಮಾತು. ಅಲ್ಲಿ ‘ಸೈಕಲ್ ಟು ವರ್ಕ್’ ಎಂಬ ಯೋಜನೆ 1999ರಿಂದ ಇರುವುದು ನಿಜ. ಕಂಪನಿ ಸೈಕಲ್ ಕೊಂಡು ನೌಕರನಿಗೆ ಬಳಸಲು ಕೊಡುತ್ತದೆ, ನೌಕರ ತೆರಿಗೆ ಕಟ್ಟುವ ಮೊದಲೇ ಸಂಬಳದ ಒಂದು ಭಾಗ ಬಿಟ್ಟುಕೊಡುತ್ತಾನೆ, ತೆರಿಗೆ ಉಳಿಯುತ್ತದೆ. ಇಡೀ ಯೋಜನೆ ನಿಂತಿರುವುದು ಸಂಬಳದ ಮೇಲೆ. ಬಿಟ್ಟುಕೊಡಲು ಸಂಬಳವೇ ಇಲ್ಲದ, ತನ್ನ ಕಸುಬು ತಾನೇ ಮಾಡುವವರಿಗೆ ಅಲ್ಲೂ ಅದು ಸಿಗುವುದಿಲ್ಲ. ಅವರೂ ನಮ್ಮ ಹಾಗೆ ವ್ಯಾಪಾರದ ಆಸ್ತಿ ಎಂದು ಪುಸ್ತಕದಲ್ಲಿ ತೋರಿಸಬೇಕು. ನಮ್ಮಲ್ಲಿ ಅಂಥ ಯೋಜನೆ ಇಲ್ಲ. ತಮ್ಮ ಅಲ್ಲಿ ನೌಕರಿಯಲ್ಲಿರಬೇಕು, ಅದಕ್ಕೇ ಹಾಗೆ ಹೇಳಿದ್ದಾರೆ.

ಜಿಎಸ್‌ಟಿಯಲ್ಲಿ ನಿಮಗೆ ನಿಜವಾದ ಲಾಭ ಆಗಲೇ ಸಿಕ್ಕಿಬಿಟ್ಟಿದೆ, ಯಾರೂ ಹೇಳಲಿಲ್ಲ ಅಷ್ಟೆ. 2025ರ ಸೆಪ್ಟೆಂಬರ್ 22ರಿಂದ ಸೈಕಲ್ ಮೇಲಿನ ಜಿಎಸ್‌ಟಿ ಶೇ. 12ರಿಂದ ಶೇ. 5ಕ್ಕೆ ಇಳಿಯಿತು, ಬಿಡಿಭಾಗಗಳಿಗೂ ಹಾಗೇ. ನಿಮ್ಮ 42,000ದಲ್ಲಿ ಸೈಕಲ್ಲಿನ ಬೆಲೆ 40,000, ತೆರಿಗೆ 2,000. ಹಳೆಯ ದರದಲ್ಲಿ ತೆರಿಗೆಯೇ 4,800 ಆಗುತ್ತಿತ್ತು. ಅಂದರೆ ಕುಳಿತಲ್ಲೇ 2,800 ರೂ. ಕಡಿಮೆ. ಕಾಯ್ದೆಯ ಯಾವ ಕಲಮೂ ನಿಮಗೆ ಇಷ್ಟು ಉಳಿಸುವುದಿಲ್ಲ. ಬಿಲ್ಲಿನಲ್ಲಿ ಶೇ. 5 ಎಂದೇ ಇದೆಯಾ ಎಂದು ಒಮ್ಮೆ ಕಣ್ಣಾಡಿಸಿ. ಬ್ಯಾಟರಿ ಸೈಕಲ್ 2019ರ ಆಗಸ್ಟ್‌ನಿಂದಲೂ ಶೇ. 5ರಲ್ಲೇ ಇದೆ, ಅಲ್ಲಿ ಹೊಸ ಇಳಿಕೆ ಏನಿಲ್ಲ.

ಜಿಎಸ್‌ಟಿ ನೋಂದಣಿ ಇರುವವರು ಓದುತ್ತಿದ್ದರೆ ಅವರಿಗೊಂದು ಮಾತು. ಕಾರು, ಸ್ಕೂಟರಿನಂಥ ಮೋಟಾರು ವಾಹನಗಳ ಇನ್‌ಪುಟ್ ಕ್ರೆಡಿಟ್ (ಕೊಳ್ಳುವಾಗ ಕೊಟ್ಟ ಜಿಎಸ್‌ಟಿಯನ್ನು ತಾವು ಕಟ್ಟಬೇಕಾದ ಜಿಎಸ್‌ಟಿಯಲ್ಲಿ ಕಳೆದುಕೊಳ್ಳುವ ಸೌಲಭ್ಯ) ಸಾಮಾನ್ಯವಾಗಿ ಸಿಗುವುದಿಲ್ಲ. ಆದರೆ ಸೈಕಲ್ ಮೋಟಾರು ವಾಹನವಲ್ಲ, ಆ ತಡೆ ಅದಕ್ಕೆ ತಾಗುವುದಿಲ್ಲ. ವ್ಯಾಪಾರಕ್ಕೆ ಬಳಸಿದ ಪಾಲಿಗೆ ಕ್ರೆಡಿಟ್ ಪಡೆಯಬಹುದು. ಮನೆ ಮನೆಗೆ ಸಾಮಾನು ತಲುಪಿಸಲು ಅಂಗಡಿಯ ಹುಡುಗನಿಗೆ ಕೊಟ್ಟ ಸೈಕಲ್ ಆದರೆ ಪೂರ್ತಿ. ಕ್ರೆಡಿಟ್ ತೆಗೆದುಕೊಂಡ ತೆರಿಗೆಯ ಮೇಲೆ ಸವಕಳಿ ಕೇಳುವಂತಿಲ್ಲ, ಆಗ ಸವಕಳಿಗೆ 40,000ವೇ ಲೆಕ್ಕ. ಕಾಂಪೋಸಿಷನ್‌ನಲ್ಲಿ (ವಹಿವಾಟಿನ ಮೇಲೆ ಸಣ್ಣ ದರದ ಜಿಎಸ್‌ಟಿ ಕಟ್ಟುವ ಯೋಜನೆ) ಇರುವವರಿಗೆ ಕ್ರೆಡಿಟ್ ಇಲ್ಲ. ಬಿಲ್ಲಿನಲ್ಲಿ ನಿಮ್ಮ ಜಿಎಸ್‌ಟಿ ನಂಬರ್ ಇರಲೇಬೇಕು. ನಾನೇ ಒಮ್ಮೆ ಅವಸರದಲ್ಲಿ ಬರೀ ಹೆಸರು ಹೇಳಿ ಬಿಲ್ ಹಾಕಿಸಿಕೊಂಡು ಬಂದೆ. ಆಮೇಲೆ ಅಂಗಡಿಯವರು ‘ರಿಟರ್ನ್ ಹೋಗಿ ಆಯ್ತು ಸರ್’ ಎಂದರು. ಊರಿಗೆಲ್ಲ ಬುದ್ಧಿ ಹೇಳುವ ನಾನು ಆ ಕ್ರೆಡಿಟ್ ಬಿಟ್ಟೆ.

ಹೆಂಡತಿಯ ಹೆಸರಲ್ಲಿ ಕೊಂಡು ಬಾಡಿಗೆ ತೋರಿಸುವ ಉಪಾಯ ಕೇಳಲು ಚೆಂದ. ನಿಮಗೆ 44ಎಡಿಎ ಇರುವುದರಿಂದ ಆ ಬಾಡಿಗೆ ಕಳೆಯಲೂ ಬರುವುದಿಲ್ಲ. ಪುಸ್ತಕ ಬರೆಯುವವರಿಗಾದರೂ, ಸೈಕಲ್ಲಿನ ದುಡ್ಡು ಗಂಡನದೇ ಆಗಿದ್ದರೆ ಆ ಬಾಡಿಗೆ ತಿರುಗಿ ಗಂಡನ ಆದಾಯಕ್ಕೇ ಸೇರುತ್ತದೆ. ಸುತ್ತಿ ಬಳಸಿ ಮನೆ ಬಾಗಿಲಿಗೇ ಬಂದಂತೆ. ಸವಕಳಿ ಸಿಗುವುದು ಮಾಲೀಕರಿಗೆ, ಹಾಗಾಗಿ ಯಾರ ವೃತ್ತಿಗೋ ಅವರ ಹೆಸರಿನಲ್ಲೇ ಬಿಲ್ ಇರಲಿ.

ನಗದಿನ ರಿಯಾಯಿತಿ ವಿಷಯದಲ್ಲಿ ನನ್ನ ಉತ್ತರ ನಿಮಗೆ ಒಂದು, ಗೆಳೆಯರಿಗೆ ಇನ್ನೊಂದು. ಪುಸ್ತಕ ಬರೆಯುವವರು ಒಂದು ದಿನ ಒಬ್ಬರಿಗೆ 10,000 ರೂ. ಮೀರಿ ನಗದು ಕೊಟ್ಟು ಆಸ್ತಿ ಕೊಂಡರೆ, ಆ ಮೊತ್ತ ಆಸ್ತಿಯ ಬೆಲೆಗೇ ಸೇರುವುದಿಲ್ಲ. ಸವಕಳಿಯೂ ಹೋಯಿತು. ಅವರು ಯುಪಿಐ ಅಥವಾ ಕಾರ್ಡಿನಲ್ಲೇ ಕೊಡಬೇಕು. ನೀವು ಹೇಗೂ ಸವಕಳಿ ಕೇಳುವವರಲ್ಲ. ಪಕ್ಕಾ ಬಿಲ್ ಕೊಟ್ಟೂ 1,500 ಬಿಡುವುದಾದರೆ ಇವತ್ತಿನ ಲೆಕ್ಕಕ್ಕೆ ನಗದು ಕೊಡಲು ಅಡ್ಡಿಯಿಲ್ಲ. ಆದರೆ ‘ಬಿಲ್ ಬೇಡ ಅಂದರೆ 1,500’ ಎಂಬ ಅರ್ಥದ ರಿಯಾಯಿತಿಯಾದರೆ ಬೇಡ. ಬಿಲ್ ಇಲ್ಲದಿದ್ದರೆ ವಾರಂಟಿ ಇಲ್ಲ. ಕಳವಾದರೆ ಪೊಲೀಸ್ ಠಾಣೆಯಲ್ಲಿ ಫ್ರೇಮ್ ನಂಬರ್ ತೋರಿಸಲು ಕಾಗದವೂ ಇಲ್ಲ.

ಬಿಲ್ ಇಟ್ಟುಕೊಳ್ಳಲು ನಿಮಗೆ ಇನ್ನೊಂದು ಕಾರಣವೂ ಇದೆ. ನಾಳೆ ಕೆಲಸ ಬೆಳೆದು, ಹುಡುಗರನ್ನು ಇಟ್ಟುಕೊಂಡು, ಖರ್ಚು ಅರ್ಧ ಮೀರಿತು ಎನ್ನಿ. ಆಗ 44ಎಡಿಎ ಬಿಟ್ಟು ಪುಸ್ತಕ ಬರೆಯಬೇಕಾಗಬಹುದು. ಆ ದಿನ ಸೈಕಲ್ ಪುಸ್ತಕಕ್ಕೆ ಬರುವುದು ಕೊಂಡ ಬೆಲೆಗಲ್ಲ. ನಡುವಿನ ವರ್ಷಗಳ ಸವಕಳಿ ನಿಮಗೆ ಕೊಟ್ಟಾಯಿತು ಎಂದೇ ಕಾಯ್ದೆ ಹಿಡಿಯುತ್ತದೆ. ಎರಡು ವರ್ಷ ಆಗಿದ್ದರೆ 30,345ರಿಂದ ಶುರು. ಅಷ್ಟಾದರೂ ಸಿಗಬೇಕಾದರೆ ಬಿಲ್ ಬೇಕು. ಆದರೆ ಅದು ನಗದಿನಲ್ಲಿ ಕೊಂಡದ್ದಾದರೆ ಆಗ ಅದೂ ಸಿಗುವುದಿಲ್ಲ, 1,500 ರೂ. ಉಳಿಸುವ ಮೊದಲು ಇದನ್ನೂ ತೂಗಿ ನೋಡಿ. 2026ರ ಏಪ್ರಿಲ್ 1ರಿಂದ ಹೊಸ ಆದಾಯ ತೆರಿಗೆ ಕಾಯ್ದೆ ಬಂದು ಕಲಂಗಳ ಸಂಖ್ಯೆ ಬದಲಾಗಿದೆ. 44ಎಡಿಎ ಎಂಬ ಹೆಸರು ಇನ್ನು ನಮ್ಮ ಬಾಯಲ್ಲಷ್ಟೇ. ಆದರೆ ಅಂದಾಜು ಆದಾಯದ ಈ ತಿರುಳು ಹಾಗೇ ಇದೆ.

ಬಿಲ್ಲನ್ನು ಕೊಂಡ ದಿನವೇ ಫೋನಿನಲ್ಲಿ ಫೋಟೋ ತೆಗೆದಿಡಿ. ಈಗಿನ ಬಿಲ್ಲುಗಳು ಬಿಸಿಗೆ ಮೂಡುವ ಕಾಗದದವು. ಬೈತಖೋಲದ ಒಬ್ಬ ಗಿರಾಕಿ ನೋಟಿಸ್ ಬಂದಾಗ ಮೂರು ವರ್ಷದ ಬಿಲ್ಲುಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಮೇಲೆ ರಬ್ಬರ್ ಬ್ಯಾಂಡ್ ಹಾಕಿ, ಬಹಳ ಜೋಪಾನವಾಗಿ ತಂದರು. ಬಿಚ್ಚಿ ಮೇಜಿನ ಮೇಲೆ ಹರಡಿದೆವು. ಮೂವತ್ತಕ್ಕೂ ಹೆಚ್ಚು ಚೀಟಿಗಳು, ಒಂದರಲ್ಲೂ ಅಕ್ಷರವಿಲ್ಲ. ನಮ್ಮ ಸೆಖೆ, ಉಪ್ಪುಗಾಳಿ, ಮಳೆಗಾಲದ ತೇವ ಎಲ್ಲ ಸೇರಿ ನೆಕ್ಕಿಬಿಟ್ಟಿದ್ದವು. ಕಿಟಕಿಯ ಬೆಳಕಿಗೆ ಹಿಡಿದು ಓರೆ ಮಾಡಿದರೆ ಒಂದೆರಡರಲ್ಲಿ ಮಸುಕಾಗಿ ‘ಧನ್ಯವಾದ, ಮತ್ತೆ ಬನ್ನಿ’ ಎಂದು ಮಾತ್ರ ಕಾಣುತ್ತಿತ್ತು.

ಪುಸ್ತಕ ಬರೆಯುವವರು ರಿಪೇರಿಯನ್ನು ಮರೆಯುತ್ತಾರೆ, ಅದನ್ನೂ ಹೇಳಿಬಿಡುತ್ತೇನೆ. ಚೈನು, ಟೈರು, ಟ್ಯೂಬು, ಬ್ರೇಕ್ ಶೂ, ಸರ್ವಿಸ್ ಇವೆಲ್ಲ ಆಯಾ ವರ್ಷದ ಖರ್ಚು, ಸವಕಳಿಯ ಹಾಗೆ ಕಾಯಬೇಕಾಗಿಲ್ಲ, ಕೆಲಸದ ಪಾಲಿನಷ್ಟು ಅದೇ ವರ್ಷ ಕಳೆಯಬಹುದು. ಸಮುದ್ರದ ಪಕ್ಕ ಇರುವವರಿಗೆ ಇದು ಸಣ್ಣ ಮೊತ್ತವಲ್ಲ. ನನ್ನ ಸೈಕಲ್ ಆಫೀಸಿನ ಹಿಂದಿನ ಜಗುಲಿಯಲ್ಲಿ ನಿಲ್ಲುತ್ತದೆ. ಹದಿನೈದು ದಿನ ಎಣ್ಣೆ ಕಾಣದಿದ್ದರೆ ಚೈನಿನ ಕೊಂಡಿಗಳು ಕೆಂಪಾಗಿ, ತುಳಿದಾಗ ಹಪ್ಪಳ ಮುರಿದಂಥ ಸದ್ದು. ಶಿರಸಿಯವರಿಗೆ ಈ ಕಷ್ಟ ಕಡಿಮೆ, ಅವರಿಗೆ ಏರು ಇಳುಕಲಿನ ಕಷ್ಟ. ನೀವು ಬ್ಯಾಟರಿ ಸೈಕಲ್ಲನ್ನೇ ಕೊಳ್ಳುವುದಾದರೆ ವೈರು ಜೋಡಿಸುವ ಜಾಗಗಳಿಗೆ ಉಪ್ಪುಗಾಳಿ ಏನು ಮಾಡುತ್ತದೆ ಎಂದು ಅಂಗಡಿಯವರನ್ನಲ್ಲ, ಈಗಾಗಲೇ ಎರಡು ಮಳೆಗಾಲ ಓಡಿಸಿದವರನ್ನು ಕೇಳಿ. ಸದಾಶಿವಗಡದಿಂದ ಕಾಜುಬಾಗದ ದಾರಿಗೆ, ಸೇತುವೆಯ ಮೇಲೆ ಎದುರುಗಾಳಿ ಬಿಟ್ಟರೆ, ಬ್ಯಾಟರಿ ಬೇಕೆನ್ನುವಂಥ ಏರೇನೂ ಇಲ್ಲ ಎಂದು ನನ್ನ ಅನಿಸಿಕೆ. ತೆರಿಗೆಯ ಶೇ. 40 ನಿಮಗೆ ಹೇಗೂ ಬರುವುದಿಲ್ಲವಾದ್ದರಿಂದ ಆ 10,500 ರೂ. ಹೆಚ್ಚಿಗೆ ಕೊಡುವ ಮೊದಲು ಮೊಣಕಾಲನ್ನೂ ಡಾಕ್ಟರನ್ನೂ ಕೇಳಿ.

ಕಂತಿನಲ್ಲಿ ಕೊಳ್ಳುವ ಯೋಚನೆ ಇದ್ದರೆ, ‘ನೋ ಕಾಸ್ಟ್’ ಎಂದು ಬರೆದಿದ್ದರೂ ಕ್ರೆಡಿಟ್ ಕಾರ್ಡ್ ಕಂತಿನ ಬಡ್ಡಿಯ ಮೇಲೆ ಶೇ. 18 ಜಿಎಸ್‌ಟಿ ಬೀಳುತ್ತದೆ, ಬಡ್ಡಿಯನ್ನು ರಿಯಾಯಿತಿಯಾಗಿ ಬಿಟ್ಟರೂ ಆ ತೆರಿಗೆ ನಿಮ್ಮದೇ.

ನಿಮಗೆ ಉಳಿಯುವ ನಿಜವಾದ ದುಡ್ಡು ಬೇರೆ ಕಡೆ ಇದೆ. ದಿನಕ್ಕೆ 12 ಕಿ.ಮೀ., ತಿಂಗಳಿಗೆ 25 ದಿನ, ಮಳೆಯ ನಾಲ್ಕು ತಿಂಗಳು ಬಿಟ್ಟು ಎಂಟು ತಿಂಗಳು. ಒಟ್ಟು 2,400 ಕಿ.ಮೀ. ಸ್ಕೂಟರ್ ಲೀಟರಿಗೆ 45 ಕೊಟ್ಟರೆ 53 ಲೀಟರ್. ಲೀಟರಿಗೆ 100 ರೂ. ಎಂದು ಹಿಡಿದರೂ ವರ್ಷಕ್ಕೆ 5,300 ರೂ. ಪುಸ್ತಕ ಬರೆಯುವವರು ಪೆಟ್ರೋಲ್ ಉಳಿಸಿದರೆ ಅವರ ಖರ್ಚು ಕಡಿಮೆಯಾಗಿ ತೆರಿಗೆ ಸ್ವಲ್ಪ ಏರುತ್ತದೆ. ನಿಮ್ಮ 50:50 ಲೆಕ್ಕದಲ್ಲಿ ಖರ್ಚಿನ ಅರ್ಧ ಹೇಗೂ ಒಪ್ಪಿತವಾದದ್ದು. ಅದರಲ್ಲಿ ಉಳಿಸಿದ್ದು ಪೂರ್ತಿ ನಿಮ್ಮ ಜೇಬಿಗೆ.

ಮಾರ್ಚ್ 31ರ ಮಾತು ಕೊನೆಗೆ ಉಳಿಯಿತು. ನಿಮಗೆ ಆ ದಿನಾಂಕಕ್ಕೆ ಅರ್ಥವಿಲ್ಲ. ಗೆಳೆಯರಿಗೆ ಇದೆ, ಆದರೆ ಅವರು ಅಂದುಕೊಂಡಂತೆ ಅಲ್ಲ. ವರ್ಷದಲ್ಲಿ 180 ದಿನಕ್ಕಿಂತ ಕಡಿಮೆ ಬಳಸಿದರೆ ಆ ವರ್ಷ ಅರ್ಧ ಸವಕಳಿ ಮಾತ್ರ. ಮಾರ್ಚ್ ಕೊನೆಯಲ್ಲಿ ಕೊಂಡು ಅಂಗಡಿಯಲ್ಲೇ ಬಿಟ್ಟರೆ ಅದೂ ಇಲ್ಲ, ಏಕೆಂದರೆ ಕೊಂಡರೆ ಸಾಲದು, ಬಳಸಲು ಶುರು ಮಾಡಿರಬೇಕು. ಪೂರ್ತಿ ಸವಕಳಿ ಬೇಕೆಂದರೆ ಅಕ್ಟೋಬರ್ 3ರ ಒಳಗೆ ಸೈಕಲ್ ರಸ್ತೆಗಿಳಿದಿರಬೇಕು. ನಮ್ಮ ಜಿಲ್ಲೆಯಲ್ಲಿ ಅದು ಮಳೆ ಇನ್ನೂ ಪೂರ್ತಿ ಹಿಂದೆ ಸರಿಯದ ಹೊತ್ತು. ಗೆಳೆಯರಿಗೆ ರೇನ್‌ಕೋಟ್ ಹಾಕಿಕೊಂಡೇ ಶುರು ಮಾಡಲು ಹೇಳಿ. ನೀವು ಆರಾಮವಾಗಿ ದೀಪಾವಳಿ ಮುಗಿಸಿ, ಅಂಗಳ ಒಣಗಿದ ಮೇಲೆ ಕೊಳ್ಳಿ.